ಯಾರು ಗೆಲ್ಲುತ್ತಾರೋ ಗೊತ್ತಿಲ್ಲದ ಆಟ

೧೯೯೮ರ ಸಂಕ್ರಾಂತಿ ಕಳೆದ ವಾರ. ಹೊಳೆನರಸೀಪುರದ ಹೈಸ್ಕೂಲ್ ಮೈದಾನದಲ್ಲಿ ನಾಲ್ಕು ತಾಲ್ಲೂಕಿನ ವಾಲಿಬಾಲ್ ಪಂದ್ಯಾವಳಿಯ ಫೈನಲ್ ಮುಗಿದು, ಹಾಸನದ ನವಜ್ಯೋತಿ ತಂಡದ ಕ್ಯಾಪ್ಟನ್ ಕೇದಾರ್ ಗೆದ್ದ ಕಪ್ಪು ತೆಗೆದುಕೊಳ್ಳಲು ವೇದಿಕೆ ಹತ್ತಿದ. ಕಪ್ಪು ಮೇಲೆತ್ತಿ ಜನರ ಕಡೆ ತಿರುಗಿದರೆ ಜನವೇ ಇರಲಿಲ್ಲ. ಶಾಮಿಯಾನದ ಕೆಳಗೆ ಖಾಲಿ ಕುರ್ಚಿ, ಚೆಲ್ಲಾಡಿದ ಕಡಲೆಕಾಯಿ ಸಿಪ್ಪೆ, ಒಂದು ಮೂಲೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದ ತನ್ನದೇ ತಂಡದವರು. ಎರಡನೇ ಸೆಟ್ ಮುಗಿಯುವ ಮೊದಲೇ ನೋಡುತ್ತಿದ್ದವರೆಲ್ಲ ಎದ್ದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

ಕಪ್ಪು ಕೊಟ್ಟವರು ಪಂದ್ಯಾವಳಿ ಸಮಿತಿಯ ಅಧ್ಯಕ್ಷ ಚಲುವಯ್ಯ. ಊರಲ್ಲಿ ತೆಂಗಿನಕಾಯಿ ಮಂಡಿ ಇಟ್ಟುಕೊಂಡಿದ್ದ ಸ್ಥೂಲಕಾಯದ ಮನುಷ್ಯ, ಪ್ರಾಯದಲ್ಲಿ ತಾವೂ ನೆಟ್ಟಿನ ಮುಂದೆ ಹಾರಿದವರು. ಮೈಕು ಹಿಡಿದು ನಾಲ್ಕು ಒಳ್ಳೆಯ ಮಾತಾಡಿಯಾರು ಎಂದು ಕೇದಾರ್ ಕಾದ.

"ಆರ್ನೇ ಸಲನೂ ಆಸನದೋರೇ ಗೆದ್ದವ್ರೆ. ಸಂತೋಸ," ಅಂದರು ಚಲುವಯ್ಯ. "ಆದ್ರೆ ಇದೇ ಕೊನೇದು. ಮುಂದ್ಲೊರ್ಸ ಟೂರ್ನಮೆಂಟ್ ಇಲ್ಲ. ಆರ್ಕೆಸ್ಟ್ರಾ ಇಡಿಸ್ತೀವಿ. ಜನ ಕೂತ್ಕಂಡಾದ್ರೂ ಕೇಳ್ತಾರೆ."

ಕೇದಾರ್‌ಗೆ ಕೆನ್ನೆಗೆ ಹೊಡೆದಂತಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಅವನ ತಂಡದ ಶಾಂತರಾಜು ಅರಕಲಗೂಡಿನ ಬಸ್ಸಿಗೆ ಕಾಯುತ್ತಾ ನಿಂತಿದ್ದ. ಕೊಣನೂರಿನವನು, ಅರಕಲಗೂಡಿನಲ್ಲಿ ಕರೆಂಟಿನ ಲೈನ್‌ಮ್ಯಾನ್. ಕೇದಾರ್ ಚೆಂಡನ್ನು ಬೆರಳ ತುದಿಯಿಂದ ಮೇಲಕ್ಕೆತ್ತಿ ಕೊಟ್ಟರೆ, ಶಾಂತರಾಜು ಹಾರಿ ಹೊಡೆಯುವ ಹೊಡೆತಕ್ಕೆ ಎದುರು ಸಾಲಿನವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರಿಬ್ಬರ ಜೋಡಿಗೆ ನಾಲ್ಕು ತಾಲ್ಲೂಕಿನಲ್ಲಿ ಎದುರಿರಲಿಲ್ಲ.

"ಅಣ್ಣೋ, ನಾವು ಗೆದ್ದಿದ್ದೇ ತೆಪ್ಪಾಯ್ತಾ?" ಎಂದು ಕೇಳಿದ ಶಾಂತರಾಜು.

"ಗೆಲ್ಲೋಕೆ ಯೋಗ್ಯತೆ ಇಲ್ಲದೋರು ಆಡೋ ಮಾತು ಕಣೋ ಅದು," ಅಂದ ಕೇದಾರ್. ಆದರೆ ಹಾಸನದ ಬಸ್ಸಿನಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಪಕ್ಕದವರು ಅದೇನೆಂದು ಕೂಡ ಕೇಳಲಿಲ್ಲ.

ಕೇದಾರ್ ಹಾಸನದ ಅಂಚೆ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ತಾಯಿ ಅಂಬುಜಮ್ಮ ಮತ್ತು ಅಕ್ಕ ಹಂಸ. ಹಂಸ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದಳು. ತಮ್ಮ ಇಷ್ಟು ವರ್ಷ ಆಡಿದರೂ ಅವಳು ಒಂದು ಪಂದ್ಯವನ್ನೂ ನೋಡಿದವಳಲ್ಲ. ಬಿಸಿಲಲ್ಲಿ ಕೂತರೆ ತಲೆನೋವು ಬರುತ್ತದೆ ಅನ್ನುವಳು. ಆವತ್ತು ಊಟಕ್ಕೆ ಕೂತಾಗ ಕೇದಾರ್ ಚಲುವಯ್ಯನವರ ಮೇಲೆ ಹರಿಹಾಯುತ್ತಲೇ ಇದ್ದ. ಹಂಸ ಹುಳಿಯನ್ನ ಕಲೆಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಅವರು ಹೇಳ್ತಿರೋದು ಇಷ್ಟೇ ಅಲ್ವೇನೋ? ಯಾರು ಗೆಲ್ತಾರೆ ಅಂತ ಆಡೋಕೆ ಮುಂಚೆನೇ ಗೊತ್ತಿರುತ್ತೆ ಅಂತ."

"ಸುಳ್ಳು. ಆಟ ಅಂದಮೇಲೆ ಯಾರು ಬೇಕಾದರೂ ಗೆಲ್ಲಬಹುದು."

"ಸುಳ್ಳೋ ನಿಜವೋ ಅಳೆದು ನೋಡಬಹುದಲ್ಲ."

"ಅಳೆಯೋಕೆ ಅದೇನು ಉದ್ದಿನಬೇಳೆನೇ?" ಅಂದರು ಅಂಬುಜಮ್ಮ.

"ಹೆಚ್ಚುಕಮ್ಮಿ ಹಾಗೇನೇ ಅಮ್ಮ," ಎಂದು ಹಂಸ ನಕ್ಕಳು. "ಆಟಗಳ ಫಲಿತಾಂಶ ತಂದುಕೊಡು ಕೇದಾರ್. ಪಕ್ಷಪಾತ ಮಾಡಲ್ಲ. ನಿನ್ನ ಕಡೆಗೆ ಬಂದರೂ ಸರಿ, ಚಲುವಯ್ಯನವರ ಕಡೆಗೆ ಹೋದರೂ ಸರಿ."

ತನ್ನ ಕಡೆಗೇ ಬರುತ್ತದೆ ಎಂಬ ಧೈರ್ಯದಲ್ಲಿ ಕೇದಾರ್ ಮರುವಾರವೇ ಹೊಳೆನರಸೀಪುರಕ್ಕೆ ಹೋಗಿ, ಸಮಿತಿಯವರ ಹತ್ತಿರವಿದ್ದ ಹಳೆಯ ಸ್ಕೋರುಗಳನ್ನೆಲ್ಲ ಕೇಳಿ ತಂದ.

ಪಂದ್ಯಾವಳಿಯ ಕ್ರಮ ಸರಳವಾದದ್ದು. ನಾಲ್ಕು ತಾಲ್ಲೂಕಿನಿಂದ ತಲಾ ಎರಡು ತಂಡ, ಊರಿನದೊಂದು, ಹೋಬಳಿಯದೊಂದು. ಹಾಸನ, ಶಾಂತಿಗ್ರಾಮ, ಹೊಳೆನರಸೀಪುರ, ಹಳ್ಳಿಮೈಸೂರು, ಅರಕಲಗೂಡು, ಕೊಣನೂರು, ಚನ್ನರಾಯಪಟ್ಟಣ, ನುಗ್ಗೇಹಳ್ಳಿ. ಪ್ರತಿಯೊಂದು ತಂಡವೂ ಉಳಿದ ಏಳು ತಂಡಗಳ ಜೊತೆ ಆಡಬೇಕು. ಹೆಚ್ಚು ಗೆದ್ದ ನಾಲ್ಕು ತಂಡಗಳಿಗೆ ಸೆಮಿಫೈನಲ್, ಆಮೇಲೆ ಫೈನಲ್. ಇದಿಷ್ಟನ್ನು ಹಂಸ ತಮ್ಮನಿಂದ ಕೇಳಿ ತಿಳಿದುಕೊಂಡಳು. ಮುಂದಿನ ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ತಾಯಿಯ ಕೈಗೆ ಒಂದು ನಾಣ್ಯ ಕೊಟ್ಟಳು.

"ಇವತ್ತು ನಾವು ಒಂದು ಟೂರ್ನಮೆಂಟ್ ಆಡಿಸೋಣ ಅಮ್ಮ. ಎಂಟೂ ಟೀಮು ಒಂದೇ ಸಮ ಬಲದವು ಅಂದುಕೋ. ಹಾಗಿದ್ದರೆ ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ. ನೀನು ಚಿಮ್ಮು, ನಾನು ಬರೆದುಕೊಳ್ತೀನಿ."

ಅಂಬುಜಮ್ಮನಿಗೆ ಹೊಳೆನರಸೀಪುರ ತವರು. ಆ ತಂಡದ ಸರದಿ ಬಂದಾಗಲೆಲ್ಲ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಚಿಮ್ಮಿದರು. ಆದರೂ ಹೊಳೆನರಸೀಪುರ ಸೋತಿತು. ಗೆದ್ದದ್ದು ಯಾವ ವರ್ಷವೂ ನೆಟ್ಟಗೆ ಒಂದು ಪಂದ್ಯ ಗೆಲ್ಲದ ಹಳ್ಳಿಮೈಸೂರು, ಏಳರಲ್ಲಿ ಆರು ಪಂದ್ಯ! ಕೇದಾರ್ ಬಿದ್ದು ಬಿದ್ದು ನಕ್ಕ.

"ನೋಡಿದೆಯಾ? ಸಮಬಲ ಇದ್ದರೂ ಒಬ್ಬರು ಆರು ಗೆಲ್ಲಬಹುದು. ನಮ್ಮದೂ ಹಾಗೇ ಬಂದಿರಬಹುದಲ್ಲ?"

"ಬಂದಿರಬಹುದು," ಅಂದಳು ಹಂಸ, ನಗದೆ. "ಅದಕ್ಕೇ ಒಂದು ಸಲ ಚಿಮ್ಮಿದರೆ ಸಾಲದು. ಗೆಲುವು ಸೋಲು ಬರೀ ಅದೃಷ್ಟದಿಂದ ಎಷ್ಟು ಚೆಲ್ಲಾಪಿಲ್ಲಿ ಆಗುತ್ತೆ ಅಂತ ಮೊದಲು ಗೊತ್ತಾಗಬೇಕು. ಆಮೇಲೆ ನಿಮ್ಮದು ಅದಕ್ಕಿಂತ ಎಷ್ಟು ಜಾಸ್ತಿ ಅಂತ ನೋಡಬೇಕು."

ಅವಳ ಆ ಮಾತು ಕೇದಾರ್‌ಗೆ ಹಿಡಿಸಿತು. ಅಕ್ಕ ಯಾರನ್ನೂ ಸಿಕ್ಕಿಹಾಕಿಸಲು ಹೊರಟಿಲ್ಲ, ತನ್ನ ಪರವಾಗಿ ಏನು ಹೇಳಬಹುದೋ ಅದನ್ನು ತನಗಿಂತ ಮೊದಲೇ ಯೋಚಿಸಿದ್ದಾಳೆ ಅನ್ನಿಸಿತು. ಮುಂದಿನ ದಿನಗಳಲ್ಲಿ ಕಾಲೇಜಿನಿಂದ ಬಂದು ಕಾಫಿ ಕುಡಿದ ಮೇಲೆ ಹಂಸ ಅದೇ ಕೆಲಸಕ್ಕೆ ಕೂರುತ್ತಿದ್ದಳು. ಒಮ್ಮೊಮ್ಮೆ ತಲೆಯೆತ್ತಿ ವಿಚಿತ್ರ ಪ್ರಶ್ನೆ ಕೇಳುವಳು. ಸರ್ವಿಸ್ ಮಾಡಿದವರಿಗೆ ಮಾತ್ರ ಪಾಯಿಂಟ್ ಯಾಕೆ? ಹದಿನೈದು ಒಂದು ಅಂತ ಸೋತವರು ಮಧ್ಯಾಹ್ನ ಊಟ ಮಾಡಿದರೇ?

ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಲೆಕ್ಕ ಮುಗಿಯಿತು. ಕೇದಾರ್ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಹಂಸ ಹೇಳಿದಳು.

"ನಾಣ್ಯ ಚಿಮ್ಮಿದಾಗ ಟೀಮುಗಳ ಗೆಲುವಿನಲ್ಲಿ ಆಗೋ ಏರುಪೇರನ್ನ ಒಂದು ಅಂತ ಇಟ್ಟುಕೋ. ಪಂದ್ಯಾವಳಿ ಸಮಬಲದ್ದಾದರೆ ಅದರ ಅಳತೆ ಒಂದರ ಆಸುಪಾಸು ಬರಬೇಕು. ನಿಮ್ಮದು ಮೊದಲ ವರ್ಷ ಒಂದೂ ಕಾಲು ಇತ್ತು. ಈಗ ಒಂದೂ ಮುಕ್ಕಾಲಿನ ಹತ್ತಿರ."

"ಅರ್ಧ ಹೆಚ್ಚಾಯಿತು ಅಷ್ಟೇ ತಾನೆ?"

"ಕೇದಾರ್, ಎಂಟು ಟೀಮು ಒಬ್ಬರೊಂದಿಗೊಬ್ಬರು ಆಡಿದರೆ ಅದಕ್ಕಿಂತ ಮೇಲೆ ಹೋಗೋಕೆ ಸಾಧ್ಯವೇ ಇಲ್ಲ. ಮೆಟ್ಟಿಲು ಇದ್ದ ಹಾಗೆ. ಮೇಲಿನ ಮೆಟ್ಟಿಲಿನವನು ಕೆಳಗಿನವರನ್ನೆಲ್ಲ ಸೋಲಿಸ್ತಾನೆ, ಅವನ ಕೆಳಗಿನವನು ತನ್ನ ಕೆಳಗಿನವರನ್ನೆಲ್ಲ. ಯಾರೂ ಜಾಗ ಬಿಟ್ಟು ಕದಲಲ್ಲ. ಆಡದೇನೇ ಫಲಿತಾಂಶ ಬರೆದುಬಿಡಬಹುದು. ಚಲುವಯ್ಯನವರು ಹೇಳಿದ್ದು ನಿಜ."

ಕೇದಾರ್ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. ಕೈಕಾಲು ತೊಳೆಯದೆ ಹೊರಗೆ ಹೋದ. ಒಂದು ವಾರ ಅಕ್ಕನ ಜೊತೆ ಮಾತು ಬಿಟ್ಟ. ತನ್ನ ಬೆರಳುಗಳು ವರ್ಷಗಟ್ಟಲೆ ಪಟ್ಟ ಶ್ರಮವನ್ನು ಅವಳು ಮೆಟ್ಟಿಲು ಅಂದಳಲ್ಲ ಎಂಬುದು ಅವನ ಸಂಕಟ. ಹಂಸ ರಾಜಿಗೆ ಬರಲಿಲ್ಲ, ಹೇಳಿದ್ದನ್ನು ಮೆದು ಮಾಡಲೂ ಇಲ್ಲ. ತಟ್ಟೆಗೆ ಬಡಿಸುವಾಗ ಮಾತ್ರ ಅವನಿಗಿಷ್ಟವಾದ ಗೊಜ್ಜನ್ನು ಒಂದು ಸೌಟು ಹೆಚ್ಚಾಗಿಯೇ ಹಾಕುತ್ತಿದ್ದಳು.

ಅಷ್ಟರಲ್ಲಿ ಚಲುವಯ್ಯನವರಿಂದ ಕರೆ ಬಂತು. ಸಮಿತಿಯಲ್ಲಿ ಹುಡುಗರು ಪಟ್ಟು ಹಿಡಿದಿದ್ದಾರೆ, ಪಂದ್ಯಾವಳಿ ನಿಲ್ಲಿಸುವುದು ಬೇಡ, ಹಾಸನದ ತಂಡವನ್ನು ಹೊರಗಿಡೋಣ ಅಂತಿದ್ದಾರೆ, ಬಂದು ನಿಮ್ಮ ಮಾತು ಹೇಳಿ ಎಂದು. ಕೇದಾರ್ ತಾನಾಗಿಯೇ ಹಂಸಳ ಕೋಣೆಯ ಬಾಗಿಲಿಗೆ ಬಂದು ನಿಂತ.

"ನೀನೂ ಬರ್ತೀಯಾ?"

"ನಿನ್ನ ಪರ ಮಾತಾಡ್ತೀನಿ ಅಂತ ಕರೀತಿದ್ದೀಯೋ?"

"ಇಲ್ಲ. ಇರೋದನ್ನ ಹೇಳ್ತೀಯಲ್ಲ, ಅದಕ್ಕೆ."

ತೆಂಗಿನಕಾಯಿ ಮಂಡಿಯಲ್ಲಿ, ಕಾಯಿ ರಾಶಿಗಳ ನಡುವೆ ಬೆಂಚು ಹಾಕಿ ಸಭೆ ಕೂಡಿತ್ತು. ಹೆಂಗಸೊಬ್ಬಳು ವಾಲಿಬಾಲ್ ವಿಚಾರ ಮಾತಾಡಲು ಬಂದದ್ದು ಕಂಡು ಕೆಲವರು ಮುಖ ಮುಖ ನೋಡಿಕೊಂಡರು. ಹಂಸ ಅದನ್ನು ಗಮನಿಸಿದರೂ ಗಮನಿಸದವಳಂತೆ ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು. ಮೊದಲ ಮಾತಿಗೇ, ಅಧ್ಯಕ್ಷರು ಮೈಕಿನಲ್ಲಿ ಹೇಳಿದ್ದು ಸರಿಯಾಗಿದೆ ಅಂದಳು. ಚಲುವಯ್ಯನವರ ಮುಖ ಅರಳಿತು. ಕೇದಾರ್ ಕಾಯಿರಾಶಿಯ ಕಡೆ ನೋಡುತ್ತಾ ಕೂತ.

"ಅಂಗಾರೆ ಆಸನದೋರ್ನ ತೆಗುದ್ಬುಟ್ರೆ ಸರೋಯ್ತದೆ ಅಲ್ವ್ರಾ ಮೇಡಮ್ಮಾರೆ?" ಎಂದರು ಚಲುವಯ್ಯ.

"ಸರಿಹೋಗಲ್ಲ. ಅದನ್ನೂ ಲೆಕ್ಕ ಹಾಕಿದ್ದೀನಿ," ಅಂದಳು ಹಂಸ. "ಹಾಸನ ಆಡಿದ ಪಂದ್ಯಗಳನ್ನೆಲ್ಲ ಬಿಟ್ಟು, ಉಳಿದ ಏಳು ಟೀಮಿಂದು ಮಾತ್ರ ಅಳೆದೆ. ಏನೂ ಸುಧಾರಿಸಲಿಲ್ಲ. ಮೇಲಿನ ಮೆಟ್ಟಿಲು ಕಿತ್ತರೆ ಎರಡನೇ ಮೆಟ್ಟಿಲೇ ಮೇಲಿನದಾಗುತ್ತೆ. ಮುಂದಿನ ಆರು ವರ್ಷ ಚನ್ನರಾಯಪಟ್ಟಣದವರು ಗೆಲ್ತಾರೆ. ಆಗ ಅವರನ್ನ ತೆಗೀತೀರಾ?"

ಚಲುವಯ್ಯ ಬೆಂಚಿನಿಂದ ಮುಂದಕ್ಕೆ ಬಾಗಿದರು.

"ಮತ್ತೆ ದ್ವಾಷ ಎಲ್ಲೈತೆ?"

"ಅದು ಲೆಕ್ಕದಲ್ಲಿ ಕಾಣಲ್ಲ. ನಿಮಗೇ ಗೊತ್ತಿರಬೇಕು. ಮೊದಲ ವರ್ಷಕ್ಕೂ ಈಗಕ್ಕೂ ಏನು ಬದಲಾಯಿತು?"

ಅದಕ್ಕೆ ಉತ್ತರವಾಗಿ ಮಾತಾಡಿದವನು ಕೇದಾರ್. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. "ಆಟಗಾರರು. ಮೊದಲ ವರ್ಷ ಅವರವರ ಊರಿಗೆ ಅವರವರು ಆಡ್ತಿದ್ದರು. ನನ್ನ ಟೀಮಿನಲ್ಲಿ ಈಗ ಹಾಸನದವರು ಅಂದರೆ ನಾನು, ಇನ್ನೊಬ್ಬ. ಶಾಂತರಾಜು ಕೊಣನೂರು. ಉಳಿದವರು ನುಗ್ಗೇಹಳ್ಳಿ, ಶಾಂತಿಗ್ರಾಮ, ಹಳ್ಳಿಮೈಸೂರು. ಚೆನ್ನಾಗಿ ಆಡೋರು ಎಲ್ಲಿ ಕಂಡರೂ ನಾನೇ ಹೋಗಿ ಕರೆದುಕೊಂಡು ಬಂದೆ. ನನ್ನ ನೋಡಿ ಚನ್ನರಾಯಪಟ್ಟಣದವರೂ ಹಾಗೇ ಮಾಡಿದರು."

ಹಂಸ ತಮ್ಮನನ್ನು ನೋಡಿದಳು. ಇಷ್ಟು ಹೊತ್ತು ಬಿಗಿಯಾಗಿದ್ದ ಅವಳ ಮುಖ ಮೆತ್ತಗಾಯಿತು.

ಆವತ್ತು ಸಭೆಯಲ್ಲಿ ಒಂದು ನಿಯಮವಾಯಿತು. ಅಂಕಣದಲ್ಲಿ ಆಡುವ ಆರು ಮಂದಿಯಲ್ಲಿ ನಾಲ್ವರು ಆಯಾ ಊರಿನ ಅಥವಾ ಹೋಬಳಿಯವರೇ ಆಗಿರಬೇಕು, ಇಬ್ಬರು ಹೊರಗಿನವರು ಇರಬಹುದು. ಪಂದ್ಯಾವಳಿ ಇನ್ನೊಂದು ವರ್ಷ ನಡೆಯಲಿ, ಆಮೇಲೆ ನೋಡೋಣ ಅಂದರು ಚಲುವಯ್ಯ. ಬಸ್ಸಿನಲ್ಲಿ ಬರುತ್ತಾ ಕೇದಾರ್, ಇಬ್ಬರಲ್ಲಿ ಒಬ್ಬ ಶಾಂತರಾಜು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಎಲ್ಲರೂ ಹಾಗೆಯೇ ತಿಳಿದಿದ್ದರು.

ಆದರೆ ಜೂನ್ ತಿಂಗಳ ಒಂದು ಭಾನುವಾರ ಅವನು ಕೊಣನೂರಿಗೆ ಹೋಗಬೇಕಾಯಿತು. ಶಾಂತರಾಜುವಿನ ತಂದೆ ತಮ್ಮಯ್ಯನಿಗೆ ಜ್ವರವೆಂದು ಸುದ್ದಿ ಬಂದಿತ್ತು. ಇಷ್ಟು ವರ್ಷದ ಸ್ನೇಹದಲ್ಲಿ ಕೇದಾರ್ ಆ ಮನೆಗೆ ಹೋದದ್ದು ಅದೇ ಮೊದಲು. ಎರಡು ಕೋಣೆಯ ಹೆಂಚಿನ ಮನೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಸಾಲಾಗಿ ಶಾಂತರಾಜುವಿನ ಫೋಟೋಗಳು. ಎಲ್ಲದರಲ್ಲೂ ಹಾಸನದ ನೀಲಿ ಬನಿಯನ್. ತಮ್ಮಯ್ಯ ಗೋಡೆಗೊರಗಿ ಕೂತಿದ್ದ. ಪ್ರಾಯವೆಲ್ಲ ಹೊಗೆಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಮನೆಯಲ್ಲಿ ಬೆಂಕಿ ಕಾದ ಮನುಷ್ಯ.

"ನೀವೇ ಏನಪ್ಪಾ ಕೇದಾರಪ್ಪ? ನನ್ನ ಮಗ ದಿನಾ ನಿಮ್ ಎಸ್ರೇ ಯೋಳದು," ಅಂದ. "ಅವ್ನು ಎಂಗೆ ಆರ್ತಾನೆ ಅಂತ ಎಲ್ರೂ ಯೋಳ್ತಾರೆ. ನಾನು ಒಂದ್ಕಿತನೂ ನೋಡಿಲ್ಲ. ನಮ್ಮೂರ್ಗೆ ಆಡಿದ್ರೆ ನೋಡ್ಬೈದಿತ್ತು. ಆಸನಕ್ಕೆ ಆಡೋ ಆಟಕ್ಕೆ ನಾನ್ಯಾಕೆ ಓಗಾನ ಅಂತ ಸುಮ್ಕಾದೆ."

ಅವನ ಮಾತಿನಲ್ಲಿ ದೂರಿರಲಿಲ್ಲ. ಅದಕ್ಕೇ ಇರಬೇಕು, ಕೇದಾರ್ ಟೀ ಲೋಟ ಕೆಳಗಿಟ್ಟು ಗೋಡೆಯ ಫೋಟೋಗಳನ್ನು ಮತ್ತೊಮ್ಮೆ ನೋಡಿದ. ಬಸ್ಸು ಹತ್ತಿಸಲು ಬಂದ ಶಾಂತರಾಜುವಿಗೆ ದಾರಿಯಲ್ಲೇ ಹೇಳಿದ.

"ನೀನು ಈ ವರ್ಷ ಕೊಣನೂರಿಗೆ ಆಡು."

ಶಾಂತರಾಜು ಗಕ್ಕನೆ ನಿಂತ. "ಯಾಕಣ್ಣ? ನಾನು ಬ್ಯಾಡ್ವಾ ನಿಮ್ಗೆ? ಇಬ್ರು ಒರಗಿನೋರು ಇರ್ಬೈದಲ್ಲ."

"ಬೇಕು. ನಿನ್ನ ಬಿಟ್ಟು ಹೇಗೆ ಆಡೋದು ಅಂತ ನನಗೇ ಗೊತ್ತಿಲ್ಲ. ಆದರೂ ಹೋಗು."

"ಇಲ್ಲಿ ಏನೈತಣ್ಣ? ನೆಟ್ಟೇ ಇಲ್ಲ. ಚೆಂಡೆತ್ತಿ ಕೊಡೋ ಲಿಫ್ಟರ್ ಯಾರವ್ರೆ? ನೀವು ಕೊಟ್ರೆ ತಾನೆ ನಾನು ಒಡೆಯದು?"

"ನೆಟ್ಟು ನಾನು ತರ್ತೀನಿ. ಲಿಫ್ಟರನ್ನೂ ತಯಾರು ಮಾಡೋಣ."

ಆಡಿದ ಮಾತಿಗೆ ಕೇದಾರ್ ತಪ್ಪಲಿಲ್ಲ. ಬ್ಯಾರನ್ನಿನ ಹಿಂದಿನ ಖಾಲಿ ಜಾಗವನ್ನು ಕೊಣನೂರಿನವರು ಸಮ ಮಾಡಿ ನೀರು ಹಾಕಿ ಗಟ್ಟಿ ಮಾಡಿದರು. ಕೇದಾರ್ ಬಿಡುವಿದ್ದ ಭಾನುವಾರಗಳಲ್ಲಿ ಹಾಸನದಿಂದ ಬಂದು, ಸೊಸೈಟಿಯಲ್ಲಿ ಕೆಲಸಕ್ಕಿದ್ದ ಬೋರಪ್ಪ ಎಂಬ ಕುಳ್ಳ ಆಳಿಗೆ ಚೆಂಡೆತ್ತುವುದನ್ನು ಕಲಿಸಿದ. ಚೆಂಡನ್ನು ಹಿಡಿಯಬಾರದು, ತಳ್ಳಲೂಬಾರದು, ಬೆರಳು ಅದನ್ನು ಮೇಲಕ್ಕೆ ಬೀಳ್ಕೊಡಬೇಕು. ಬೋರಪ್ಪನ ಬೆರಳು ದಪ್ಪ, ಮನಸ್ಸು ಮಾತ್ರ ಚುರುಕು. ಮಳೆಗಾಲ ಮುಗಿಯುವ ಹೊತ್ತಿಗೆ ಶಾಂತರಾಜು ಕಣ್ಣು ಮುಚ್ಚಿ ಹಾರಿದರೂ ಚೆಂಡು ಅಲ್ಲೇ ಕಾದಿರುತ್ತಿತ್ತು.

"ಎದುರಾಳಿಗೆ ನೀನೇ ಪಾಠ ಹೇಳಿ ಬರ್ತೀಯಲ್ಲೋ, ಇದ್ಯಾವ ಬುದ್ಧಿ?" ಅಂದರು ಅಂಬುಜಮ್ಮ. ಹಂಸ ಮಾತ್ರ ಆ ವಿಚಾರ ಎತ್ತಲಿಲ್ಲ. ಭಾನುವಾರ ಬೆಳಗ್ಗೆ ಅವನು ಏಳುವಷ್ಟರಲ್ಲಿ ಬುತ್ತಿ ಕಟ್ಟಿಟ್ಟಿರುತ್ತಿದ್ದಳು.

೧೯೯೯ರ ಪಂದ್ಯಾವಳಿಗೆ ಹಂಸ ಛತ್ರಿ ಹಿಡಿದುಕೊಂಡು ಬಂದಳು. ಮೊದಲ ದಿನ ಹಳ್ಳಿಮೈಸೂರು ಆತಿಥೇಯ ಹೊಳೆನರಸೀಪುರವನ್ನು ಸೋಲಿಸಿದಾಗ ಮೈದಾನದಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ. ಎರಡನೇ ದಿನ ನುಗ್ಗೇಹಳ್ಳಿಯವರು ಕೇದಾರ್‌ನ ತಂಡವನ್ನೇ ಸೋಲಿಸಿಬಿಟ್ಟರು. ಆ ಸುದ್ದಿ ಬಸ್ಸಿನಲ್ಲಿ ಊರೂರಿಗೆ ಹೋಯಿತು. ಮೂರನೇ ದಿನ ಸೆಮಿಫೈನಲ್ಲಿಗೆ ಶಾಮಿಯಾನ ಸಾಲದೆ ಜನ ಕಾಂಪೌಂಡ್ ಗೋಡೆಯ ಮೇಲೆ ಕೂತರು.

ಆ ಸೆಮಿಫೈನಲ್ ಹಾಸನಕ್ಕೂ ಕೊಣನೂರಿಗೂ ಬಿತ್ತು.

ಕೊಣನೂರಿನವರಿಗೆ ಹೊಸ ಹಸಿರು ಬನಿಯನ್. ಹಸಿರು ಬಣ್ಣದಲ್ಲಿ ಶಾಂತರಾಜು ಇನ್ನೂ ಎತ್ತರವಾಗಿ ಕಂಡ. ಮುಂದಿನ ಸಾಲಿನಲ್ಲಿ ತಮ್ಮಯ್ಯ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದ. ಅವನ ಪಕ್ಕದ ಕುರ್ಚಿಯಲ್ಲಿ ಛತ್ರಿ ಮಡಿಸಿಟ್ಟುಕೊಂಡು ಹಂಸ. ಮೊದಲ ಸೆಟ್ಟನ್ನು ಹಾಸನ ಗೆದ್ದಿತು. ಶಾಂತರಾಜು ಯಾವ ಕಡೆ ತಿರುಗಿ ಹೊಡೆಯುತ್ತಾನೆಂದು ಅವನ ಹೆಗಲು ನೋಡಿದರೇ ಕೇದಾರ್‌ಗೆ ಗೊತ್ತಾಗುತ್ತಿತ್ತು. ಆದರೆ ಶಾಂತರಾಜುವಿಗೂ ಕೇದಾರ್‌ನ ಬೆರಳು ಗೊತ್ತು. ಎರಡು, ಮೂರನೇ ಸೆಟ್ ಕೊಣನೂರಿಗೆ ಹೋದವು. ನಾಲ್ಕನೆಯದು ಮತ್ತೆ ಹಾಸನಕ್ಕೆ. ಐದನೇ ಸೆಟ್‌ನಲ್ಲಿ ಪಾಯಿಂಟುಗಳು ಒಂದರ ಹಿಂದೊಂದು ಏರಿ ಇಬ್ಬರದೂ ಹದಿಮೂರಕ್ಕೆ ಬಂದು ನಿಂತಾಗ ಕಾಂಪೌಂಡ್ ಗೋಡೆಯ ಮೇಲಿದ್ದವರು ಎದ್ದು ನಿಂತರು.

ಕೇದಾರ್‌ಗೆ ಸೋಲುತ್ತೇವೇನೋ ಎಂಬ ಭಯ ಹುಟ್ಟಿತು. ಎಷ್ಟೋ ವರ್ಷಗಳಿಂದ ಅವನಿಗೆ ಆಟದಲ್ಲಿ ಭಯವೆಂಬುದೇ ಆಗಿರಲಿಲ್ಲ. ಈಗ ಆದಾಗ, ತಾನು ಹುಡುಗನಾಗಿ ವಾಲಿಬಾಲ್ ಹಿಡಿದದ್ದು ಈ ಭಯಕ್ಕೇ ಅಲ್ಲವೇ ಅನ್ನಿಸಿತು. ಹಾಸನದ ಹೊಡೆತವೊಂದು ಗೆರೆ ದಾಟಿ ಹೋಗಿ ಕೊಣನೂರು ಹದಿನಾಲ್ಕಕ್ಕೆ ಬಂತು. ಮುಂದಿನ ಚೆಂಡನ್ನು ಬೋರಪ್ಪ ಎತ್ತಿದ. ಕೇದಾರ್ ಕಲಿಸಿದ ಹಾಗೆಯೇ ಎತ್ತಿದ, ಎತ್ತರಕ್ಕೆ, ನೆಟ್ಟಿಗೆ ಒಂದು ಮೊಳ ಒಳಗೆ. ಶಾಂತರಾಜು ಹಾರಿದ. ಮುಂದಿನ ಸಾಲಿನಲ್ಲಿದ್ದ ಕೇದಾರ್ ಸೇರಿ ಹಾಸನದವರು ಮೂವರೂ ತಡೆಯಲು ಕೈಯೆತ್ತಿ ಹಾರಿದರು, ಹಿಂದಿನವರು ಇನ್ನೂ ಹಿಂದಕ್ಕೆ ಸರಿದರು. ಶಾಂತರಾಜು ಹೊಡೆಯಲಿಲ್ಲ. ಎತ್ತಿದ ಕೈಯನ್ನು ತಡೆದು ಚೆಂಡನ್ನು ಬೆರಳ ತುದಿಯಿಂದ ಮುಟ್ಟಿದ ಅಷ್ಟೇ. ಅದು ಕೇದಾರ್‌ನ ತಲೆಯ ಮೇಲಿಂದ ಹೋಗಿ ಹಿಂದಿನ ಖಾಲಿ ಜಾಗದಲ್ಲಿ ಮೆಲ್ಲಗೆ ಬಿತ್ತು.

ಆಮೇಲೆ ಎದ್ದ ಗದ್ದಲದಲ್ಲಿ ರೆಫರಿಯ ಸೀಟಿ ಯಾರಿಗೂ ಕೇಳಿಸಲಿಲ್ಲ. ಶಾಂತರಾಜು ತನ್ನ ತಂಡದವರ ಕೈಗೆ ಸಿಕ್ಕದೆ ನೆಟ್ಟಿನ ಕೆಳಗೆ ನುಸುಳಿ ಬಂದು ಕೇದಾರ್‌ನನ್ನು ತಬ್ಬಿಕೊಂಡ. "ಬೈಬ್ಯಾಡಿ ಅಣ್ಣೋ," ಅಂದ. ಕೇದಾರ್ ಅವನ ಬೆವೆತ ತಲೆಗೂದಲು ಹಿಡಿದು ಜೋರಾಗಿ ಅಲ್ಲಾಡಿಸಿದ.

ಶಾಮಿಯಾನಕ್ಕೆ ಬಂದಾಗ ಹಂಸ ಎದ್ದು ನಿಂತಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು.

"ಹೊಡೆಯೋಕೆ ಹೋಗಿ ಯಾಕೋ ಹಾಗೆ ಮುಟ್ಟಿ ಬಿಟ್ಟ?"

"ನಾವೆಲ್ಲ ಹೊಡೀತಾನೆ ಅಂದುಕೊಂಡಿದ್ದಕ್ಕೆ."

"ಎಷ್ಟು ಚೆನ್ನಾಗಿತ್ತೋ!" ಅಂದಳು. "ಇಷ್ಟು ಸ್ಕೋರು ನೋಡಿದೆ, ಇದೊಂದು ನನಗೆ ಎಲ್ಲೂ ಕಾಣಲಿಲ್ಲವಲ್ಲ." ಪಕ್ಕದಲ್ಲಿ ತಮ್ಮಯ್ಯ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ಗುರುತಿಲ್ಲದವರಿಗೂ "ನನ್ನ ಮಗ ಕಣಪ್ಪಾ, ನನ್ನ ಮಗ" ಎಂದು ಹೇಳುತ್ತಿದ್ದ.

ಫೈನಲ್‌ನಲ್ಲಿ ಕೊಣನೂರಿನವರು ಚನ್ನರಾಯಪಟ್ಟಣಕ್ಕೆ ಸೋತರು. ಸೆಮಿಫೈನಲ್‌ನಲ್ಲಿ ಆಡಿ ಕಾಲು ಸೋತಿತ್ತು, ಬೋರಪ್ಪನ ಬೆರಳು ಊದಿಕೊಂಡಿತ್ತು. ಆದರೂ ನಾಲ್ಕು ಸೆಟ್ ಎಳೆದಾಡಿದರು. ಕೇದಾರ್ ಆ ಮೈದಾನದಲ್ಲಿ ಜನರ ನಡುವೆ ಕೂತು ಫೈನಲ್ ನೋಡಿದ್ದು ಅದೇ ಮೊದಲು. ಕಡಲೆಕಾಯಿ ಪೊಟ್ಟಣ ಕೈಯಲ್ಲೇ ಉಳಿಯಿತು. ಚಲುವಯ್ಯ ಮೈಕು ಹಿಡಿದು, "ಅರ್ಕಲ್ಗೂಡಿನ್ ಕಡೇ ಬಸ್ಸು ಒಂಟೈತೆ, ಓಗೋರು ಓಗ್ರಪ್ಪ" ಎಂದು ಕೂಗಿದರೆ ಒಬ್ಬರೂ ಏಳಲಿಲ್ಲ. ಕೊನೆಗೆ ಕಾಯಿ ಸಾಗಿಸುವ ಮಂಡಿ ಲಾರಿಯಲ್ಲೇ ಅರಕಲಗೂಡು, ಕೊಣನೂರಿನವರನ್ನು ಊರಿಗೆ ಕಳಿಸಿದರು.

ಆ ವರ್ಷದ ಲೆಕ್ಕದಲ್ಲಿ ಅಳತೆ ಒಂದೂ ಕಾಲಿಗಿಂತ ಕೆಳಗಿಳಿಯಿತು. ಚಲುವಯ್ಯ ಸಿಹಿ ಹಂಚಲು ಹೊರಟರು. ಹಂಸ ಬೇಡವೆಂದಳು. "ಒಂದು ವರ್ಷದ್ದನ್ನ ನಂಬಬಾರದು. ಇದೂ ಅದೃಷ್ಟ ಇರಬಹುದು. ಇನ್ನೂ ಕೆಲವು ವರ್ಷ ಆಡಿಸಿ, ಆಮೇಲೆ ಹೇಳ್ತೀನಿ." ಗೆದ್ದಾಗಲೂ ಹಿಗ್ಗದ ಅವಳ ಈ ಗಟ್ಟಿತನ ಕೇದಾರ್‌ಗೆ ಆಗ ನಿಜವಾಗಿ ಅರ್ಥವಾಯಿತು. ತಮ್ಮನ ವಿರುದ್ಧ ಬಂದ ಲೆಕ್ಕವನ್ನು ಹೇಗೆ ಮೆದು ಮಾಡಲಿಲ್ಲವೋ, ತನ್ನ ಪರ ಬಂದದ್ದನ್ನೂ ಹಾಗೆಯೇ ಉಬ್ಬಿಸಲಿಲ್ಲ.

ಮುಂದಿನ ವರ್ಷ ಕಪ್ಪು ಕೊಣನೂರಿಗೆ ಹೋಯಿತು. ಅದರ ಮುಂದಿನ ವರ್ಷ ಕೇದಾರ್‌ನ ಹಾಸನ ಗೆದ್ದಿತು, ಒಟ್ಟು ಏಳನೇ ಸಲ. ಆ ಕಪ್ಪನ್ನು ಎತ್ತಿದಾಗ ಕೊಣನೂರಿನವರೇ ಜೋರಾಗಿ ಚಪ್ಪಾಳೆ ತಟ್ಟಿದರು. ಆಟದ ನಿಯಮ ಬದಲಾಗಿ ಸೆಟ್ ಇಪ್ಪತ್ತೈದು ಪಾಯಿಂಟಿಗಾದರೂ ಹಂಸಳ ಅಳತೆ ಗೆಲುವು ಸೋಲಿನದಾದ್ದರಿಂದ ಕೆಡಲಿಲ್ಲ. ಆಮೇಲೆ ಚನ್ನರಾಯಪಟ್ಟಣದವರು ಸತತ ಎರಡು ವರ್ಷ ಗೆದ್ದಾಗ ಚಲುವಯ್ಯ ಗಾಬರಿಯಾಗಿ ಹಾಸನದ ಮನೆಗೇ ಬಂದರು.

"ತಾಯೀ, ಮತ್ತೆ ಅದೇ ಕತೆ ಆಯ್ತೈತೆ. ಈ ಕಿತ ಒರಗಿನೋರ್ನ ಒಬ್ರಿಗೇ ಇಳ್ಸಾನ."

ಹಂಸ ಅವರಿಗೆ ಕಾಫಿ ಕೊಟ್ಟು, ಲೆಕ್ಕ ನೋಡಿ ಹೇಳಿದಳು. "ಬೇಡ. ಗೆದ್ದವರು ಅವರೇ, ಆದರೆ ಎರಡೂ ಸಲ ಲೀಗಿನಲ್ಲಿ ಸೋತು ಸೋತು ಮೇಲೆ ಬಂದಿದ್ದಾರೆ. ಏರುಪೇರು ಹೆಚ್ಚಾಗಿಲ್ಲ. ಸುಮ್ಮನಿರಿ."

ಚಲುವಯ್ಯ ಸುಮ್ಮನಿದ್ದರು. ೨೦೦೪ರಲ್ಲಿ ಹಳ್ಳಿಮೈಸೂರು ಕಪ್ಪು ಗೆದ್ದು ಅದನ್ನು ಟ್ರಾಕ್ಟರಿನಲ್ಲಿಟ್ಟು ಮೆರವಣಿಗೆ ಮಾಡಿತು. ಆ ಹೊತ್ತಿಗೆ ಕೇದಾರ್ ಮಂಡಿನೋವಿನಿಂದ ಆಡುವುದು ಬಿಟ್ಟು ರೆಫರಿಯಾಗಿದ್ದ.

ಅದರ ಮರುವರ್ಷ ಹೆಣ್ಣುಮಕ್ಕಳ ವಿಭಾಗವೂ ಬೇಕೆಂದು ಹಟ ಹಿಡಿದವನು ಶಾಂತರಾಜು. ಅವನ ತಂಗಿಯ ಮಗಳು ತೇಜಶ್ರೀ ಆಗಲೇ ಕೊಣನೂರಿನಲ್ಲಿ ಗಂಡುಹುಡುಗರ ನಡುವೆ ನಿಂತು ಆಡುತ್ತಿದ್ದಳು. ತಾಲ್ಲೂಕಿಗೆ ಒಂದರಂತೆ ನಾಲ್ಕೇ ತಂಡ ಕೂಡಿದವು. ಮೊದಲ ಪಂದ್ಯದ ದಿನ ಬೆಳಗ್ಗೆ, ಸೀಟಿ ಕೊರಳಿಗೆ ಹಾಕಿಕೊಂಡು ರೆಫರಿಯ ಎತ್ತರದ ಕುರ್ಚಿ ಹತ್ತುತ್ತಿದ್ದ ಕೇದಾರ್ ಅಕ್ಕನನ್ನು ಕೂಗಿ ಕೇಳಿದ.

"ಇದನ್ನೂ ಅಳೀತೀಯೇನೇ?"

"ನಾಲ್ಕೇ ಟೀಮು. ಇಷ್ಟರಲ್ಲಿ ಅಳೆಯೋಕೆ ಏನೂ ಸಿಗಲ್ಲ," ಅಂದಳು ಹಂಸ. ಶಾಮಿಯಾನದ ನೆರಳಿನಿಂದ ಕುರ್ಚಿ ಎಳೆದುಕೊಂಡು ಬಂದು, ಬಿಳಿ ಗೆರೆಯ ಹತ್ತಿರ ಬಿಸಿಲಲ್ಲೇ ಹಾಕಿ ಕೂತಳು. "ನೋಡ್ತೀನಿ, ನೀನು ಶುರು ಮಾಡಿಸು."